ಕೇಸಿನಲ್ಲಿ ಸಿಕ್ಕ ಹುಡುಗರಿಗೆ ಮಾರ್ಗದರ್ಶಕನಾಗಬೇಕು, ಯಾರನ್ನು ಕೇಳಲಿ?

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ನಮಸ್ಕಾರ್ರೀ ಮೇಡಮ್. ಐಟಿಐನ್ಯಾಗ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿ ರಿಟೈರ್ ಆಗೇನಿ. ಕೇಸಿನ್ಯಾಗ ಸಿಕ್ಕ ಹುಡುಗರಿಗೆ ಏನರ ಮಾಡಬೇಕಂತ ಮನಸೈತಿ. ಯಾವ ಆಫೀಸಿಗೆ ಹೋಗಬೇಕು, ಅವ್ರು ಏನ್ ಮಾಡಿ ಬಂದಾರಂತ ಕೇಳಬೇಕೋ ಬ್ಯಾಡೋ, ಫೋನ್ ನಂಬರ್ ಕೊಡಬೇಕೋ ಬ್ಯಾಡೋ, ಒಂದೂ ತಿಳೀವಲ್ತು. ಮನ್ಯಾಗ ಹೆಂಡ್ತಿ ‘ಈ ವಯಸ್ಸಿನ್ಯಾಗ ಯಾಕ ಬೇಕ್ರಿ ಊರ ಉಸಾಬರಿ’ ಅಂತಾಳ. ಅಕಿ ಅನ್ನೂದೂ ತಪ್ಪಲ್ಲ.

ಉತ್ತರ (ನಿವೃತ್ತ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್):
ನಮಸ್ಕಾರ ಸರ್. ಹದಿನೆಂಟು ತುಂಬದವರ ಜೊತೆ ಕೆಲಸ ಮಾಡುತ್ತೀರೋ, ದೊಡ್ಡವರ ಜೊತೆಯೋ, ಅದನ್ನು ಮೊದಲು ತೀರ್ಮಾನಿಸಿ. ಎರಡಕ್ಕೂ ಬಾಗಿಲು ಬೇರೆ ಬೇರೆ.

ಚಿಕ್ಕವರು 2015ರ ಬಾಲ ನ್ಯಾಯ ಕಾಯ್ದೆಯಡಿ ಬರುತ್ತಾರೆ. ಅವರ ಪ್ರಕರಣ ನೋಡುವುದು ಬಾಲ ನ್ಯಾಯ ಮಂಡಳಿ: ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಜಾಮೀನು ಸಿಗದವರು ವೀಕ್ಷಣಾಲಯದಲ್ಲಿ, ಅಂದರೆ ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ಮನೆಯಲ್ಲಿರುತ್ತಾರೆ. ನೀವು ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆಧಾರ್, ಪೊಲೀಸ್ ಪರಿಶೀಲನೆ ಎಲ್ಲ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಮಕ್ಕಳಿರುವ ಜಾಗ. ದೊಡ್ಡವರಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕರಾಗಬಹುದು, ಅಂದರೆ ವಕೀಲರಲ್ಲದಿದ್ದರೂ ಜನರಿಗೆ ಕಾನೂನು ನೆರವು ತಲುಪಿಸುವವರು. 2009ರಿಂದ ಇರುವ ಯೋಜನೆ ಇದು, ತರಬೇತಿಯನ್ನೂ ಅವರೇ ಕೊಡುತ್ತಾರೆ. ಸನ್ನಡತೆಯ, ಓದಿಕೊಂಡ ದೀರ್ಘಾವಧಿ ಕೈದಿಗಳನ್ನೂ ಇದೇ ಯೋಜನೆಯಲ್ಲಿ ಸ್ವಯಂಸೇವಕರನ್ನಾಗಿ ತಯಾರು ಮಾಡುತ್ತಾರೆ. ಒಳಗಿನ ಕಷ್ಟ ಅವರಷ್ಟು ಚೆನ್ನಾಗಿ ನಮಗೆ ಗೊತ್ತಾಗದು.

ಏನು ಮಾಡಿ ಬಂದೆ ಅಂತ ಕೇಳಲೇಬೇಡಿ. ಇದು ಬರೀ ಸೌಜನ್ಯದ ಮಾತಲ್ಲ. ವಕೀಲರಿಗೆ ಕಕ್ಷಿದಾರ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ, ನಿಮಗೆ ಹೇಳಿದ್ದಕ್ಕೆ ಇಲ್ಲ. ಹುಡುಗ ವಿಶ್ವಾಸವಿಟ್ಟು ಎಲ್ಲ ಹೇಳಿಕೊಂಡ ಅಂತಿಟ್ಟುಕೊಳ್ಳಿ, ನಾಳೆ ನಿಮ್ಮನ್ನೇ ಸಾಕ್ಷಿಯಾಗಿ ಕರೆಯಬಹುದು. ಅವನಾಗಿ ಶುರು ಮಾಡಿದರೂ ‘ಇದನ್ನು ವಕೀಲರ ಹತ್ತಿರ ಹೇಳಪ್ಪ’ ಅಂತ ನಿಲ್ಲಿಸಿ.

ಇನ್ನು ನಿಮ್ಮ ಟ್ರೇಡು. ಕಾಯ್ದೆ ಮಕ್ಕಳ ವಿಚಾರಣೆಯನ್ನು ನಾಲ್ಕು ತಿಂಗಳಲ್ಲಿ ಮುಗಿಸಲು ಹೇಳುತ್ತದೆ, ಜಾಮೀನಾದವನು ಅದಕ್ಕೂ ಮೊದಲೇ ಹೊರಟುಹೋಗುತ್ತಾನೆ. ಹಾಗಾಗಿ ವರ್ಷದ ಪಠ್ಯಕ್ರಮ ಹಿಡಿದುಕೊಂಡು ಹೋಗಬೇಡಿ. ಒಂದು ಸ್ವಿಚ್ ಬೋರ್ಡ್, ಒಂದು ಮಿಕ್ಸಿ ರಿಪೇರಿ, ಹೀಗೆ ಕೂತಲ್ಲೇ ಮುಗಿದು, ಬಲ್ಬ್ ಹೊತ್ತಿಕೊಂಡದ್ದು ಕಣ್ಣಿಗೆ ಕಾಣುವಂಥದ್ದು ಮಾಡಿಸಿ. ಬುದ್ಧಿಮಾತು ಕೇಳಿ ಕೇಳಿ ಆ ಹುಡುಗರ ಕಿವಿ ತೂತಾಗಿರುತ್ತದೆ.

ನಿಜವಾದ ಕೆಲಸ ಶುರುವಾಗುವುದು ಅವನು ಹೊರಗೆ ಬಂದ ಮೇಲೆ. ಹಳೇ ಗೆಳೆಯರು ಮೊದಲ ದಿನವೇ ಬಂದು ಕರೆಯುತ್ತಾರೆ. ಶಾಲೆ ‘ಟಿಸಿ ತಗೊಂಡು ಹೋಗು’ ಅನ್ನುತ್ತದೆ. ಮನೆಯಲ್ಲಿ ಅಪ್ಪ ಮಾತು ಬಿಟ್ಟಿರುತ್ತಾನೆ. ಆಗ ನಿಮ್ಮ ಪರಿಚಯದ ಮೋಟರ್ ವೈಂಡಿಂಗ್ ಅಂಗಡಿಯವರು ಅವನನ್ನು ಕೂರಿಸಿಕೊಂಡರೆ (ಹದಿನೆಂಟು ತುಂಬಿದ್ದರೆ ಕೆಲಸಕ್ಕೆ, ಇಲ್ಲದಿದ್ದರೆ ಮೊದಲು ಓದು) ನೂರು ಉಪನ್ಯಾಸಕ್ಕಿಂತ ಮೇಲು. ಬಾಲ ನ್ಯಾಯ ಕಾಯ್ದೆಯಲ್ಲಿ ತಪ್ಪಿತಸ್ಥ ಎಂದಾದರೂ ಅದು ಮುಂದೆ ಅನರ್ಹತೆಯಾಗಿ ಅಂಟಬಾರದು ಅಂತ 24ನೇ ಕಲಂ ಹೇಳುತ್ತದೆ. 16 ದಾಟಿ, ದೊಡ್ಡವರಂತೆ ವಿಚಾರಣೆಗೆ ಒಳಗಾದವರಿಗೆ ಮಾತ್ರ ಈ ಸವಲತ್ತಿಲ್ಲ. ತಾಯಂದಿರಿಗೆ ಇದು ಗೊತ್ತೇ ಇರುವುದಿಲ್ಲ, ‘ಇನ್ನು ಇವನಿಗೆ ಸರ್ಕಾರಿ ನೌಕರಿ ಇಲ್ಲ’ ಅಂತ ಕೈಚೆಲ್ಲಿರುತ್ತಾರೆ.

ಫೋನ್ ನಂಬರ್ ಸದ್ಯಕ್ಕೆ ಬೇಡ. ಪರಿವೀಕ್ಷಣಾಧಿಕಾರಿಯ ಮೂಲಕವೇ ಸಂಪರ್ಕ ಇರಲಿ. ಕೈಗೆ ದುಡ್ಡಂತೂ ಕೊಡಲೇಬೇಡಿ. ಅಕ್ಕಾವರಿಗೆ ಹೇಳಿ, ಮನೆಗೆ ಯಾರೂ ಬರುವುದಿಲ್ಲ.

ಬೆಂಗಳೂರಿನ ಸದಸ್ಯೆ:
ಮೇಡಂ, ನನಗೆ ಶನಿವಾರ ಮಾತ್ರ ಬಿಡುವು. ಮಹಿಳಾ ಕೈದಿಗಳಿಗೆ ಇಂಗ್ಲಿಷ್ ಕಲಿಸಬಹುದಾ? ನಮ್ಮ ಕಂಪನಿಯವರು ಫೋಟೋ ಕೇಳ್ತಾರೆ, ಸಿಎಸ್‌ಆರ್‌ಗೆ (ಕಂಪನಿಯ ಸಮಾಜಸೇವೆ ಲೆಕ್ಕಕ್ಕೆ).

ಉತ್ತರ:
ಫೋಟೋ ಆಗಲ್ಲಮ್ಮ. ಮಕ್ಕಳದ್ದಾದರೆ ಅಪರಾಧವೇ: ಗುರುತು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಂಪನಿಗೆ ಪತ್ರ ಸಾಕು. ಶನಿವಾರ ಒಂದೇ ಆದರೂ ಪರವಾಗಿಲ್ಲ, ಆದರೆ ಪ್ರತಿ ಶನಿವಾರ ಹೋಗಬೇಕು. ನಾಲ್ಕು ವಾರ ಹೋಗಿ ನಿಲ್ಲಿಸುವುದಕ್ಕಿಂತ ಹೋಗದಿರುವುದೇ ವಾಸಿ. ಅವರಿಗೆ ಬಿಟ್ಟುಹೋದವರ ಪಟ್ಟಿ ಆಗಲೇ ಉದ್ದವಿರುತ್ತದೆ. ಮೈಸೂರು ಜೈಲಿನ ಕೈದಿಗಳಿಂದ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ನಾಟಕ ಆಡಿಸಿದ್ದು ಕೇಳಿರಬಹುದು. ವೇದಿಕೆಯ ಚಪ್ಪಾಳೆ ಎಲ್ಲರಿಗೂ ಕಾಣುತ್ತದೆ. ನನಗೆ ಅದಕ್ಕಿಂತ ಹೆಚ್ಚೆನಿಸುವುದು ಅದರ ಹಿಂದಿನ ದಿನದಿನದ ತಾಲೀಮು.

ಇಂಗ್ಲಿಷ್ ಬೇಕಾ ಅಂತ ಅವರನ್ನೇ ಕೇಳಿ. ಮಕ್ಕಳಿಗೆ ಕಾಗದ ಬರೆದುಕೊಡಿ ಅಂದರೂ ಅಂದಾರು. ಆರು ವರ್ಷದವರೆಗಿನ ಮಗು ತಾಯಿಯ ಜೊತೆ ಒಳಗಿರಬಹುದು, ಅದಕ್ಕಿಂತ ದೊಡ್ಡವು ಹೊರಗೆ, ಯಾರದೋ ಮನೆಯಲ್ಲಿ.

ಮತ್ತೊಬ್ಬ ಸದಸ್ಯರು:
ಕಳ್ಳಕಾಕರಿಗೆ ಇಷ್ಟೆಲ್ಲ ಉಪಚಾರ. ಕಳಕೊಂಡವರ ಗತಿ ಏನು?

ಉತ್ತರ:
ನ್ಯಾಯವಾದ ಪ್ರಶ್ನೆ. ನೊಂದವರ ಪರಿಹಾರಕ್ಕೂ ಅದೇ ಕಾನೂನು ಸೇವಾ ಪ್ರಾಧಿಕಾರ ಇದೆ. ಅರ್ಜಿ ಬರೆಸಲು ಅಲ್ಲೂ ಸ್ವಯಂಸೇವಕರು ಬೇಕು, ಬನ್ನಿ. ಆದರೆ ‘ಕಳ್ಳಕಾಕರು’ ಅಂದಿರಲ್ಲ, 2022ರ ರಾಷ್ಟ್ರೀಯ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿದ್ದ ನೂರರಲ್ಲಿ ಸುಮಾರು 76 ಮಂದಿ ವಿಚಾರಣಾಧೀನರು. ಅವರ ಕೇಸಿನಲ್ಲಿ ತೀರ್ಪೇ ಬಂದಿಲ್ಲ.

ಹುಬ್ಬಳ್ಳಿಯ ಸದಸ್ಯರು:
ಮೇಡಮ್, ದೊಡ್ಡವ್ರ ಕೇಸಿನ್ಯಾಗ ಯಾರರ ‘ಸರ್, ನೀವ ಶ್ಯೂರಿಟಿ ನಿಲ್ರಿ’ ಅಂದ್ರ? ನನ್ನ ಹೆಸರೀಲೆ ಹೊಲ ಐತಿ, ಪಹಣಿ ಕೊಟ್ರ ಆತಲ್ರಿ.

ಉತ್ತರ:
ಬೇಡ ಸರ್. ಅವನು ವಾಯಿದೆಗೆ ತಪ್ಪಿಸಿಕೊಂಡರೆ ಕೋರ್ಟು ಬಾಂಡ್ ಮೊತ್ತವನ್ನು ನಿಮ್ಮಿಂದ ವಸೂಲು ಮಾಡುತ್ತದೆ. ಅಲ್ಲಿಂದಾಚೆಗೆ ನೀವು ಅವನಿಗೆ ಸಾಲ ಕೊಟ್ಟವರ ಥರ ಕಾಣುತ್ತೀರಿ, ಗುರುವಿನ ಥರ ಅಲ್ಲ. ಬೇರೆ ದಾರಿ ತೋರಿಸಿ. ಜಾಮೀನಾದರೂ ಹಣವಿಲ್ಲದೆ ಒಳಗೇ ಉಳಿದವರಿಗೆ 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆ ತಂದಿತು. ಶುರುವಾದಾಗ ಮಿತಿ 40,000 ರೂಪಾಯಿ. ಇನ್ನೊಂದು, ಸಿಆರ್‌ಪಿಸಿ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ: ಮೊದಲ ಸಲ ಸಿಕ್ಕವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಉಳಿದವರು ಅರ್ಧ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದಿಲ್ಲ. ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೂ ಹಿಂದಿನ ಕೇಸುಗಳಿಗೂ ಅನ್ವಯಿಸುತ್ತದೆ ಅಂತ ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟಿಗೆ ಬರೆಯಬೇಕಾದದ್ದು ಜೈಲು ಅಧೀಕ್ಷಕರು, ಆದರೆ ತಾರೀಖು ಲೆಕ್ಕ ಹಾಕಿ ಪ್ರಾಧಿಕಾರದ ವಕೀಲರಿಗೆ ನೆನಪಿಸುವುದು ನಿಮ್ಮಿಂದ ಆಗುವ ಕೆಲಸ.

ಅರ್ಜಿ ಜೊತೆ ನಿಮ್ಮ ಐಟಿಐ ಸೇವಾ ಪ್ರಮಾಣಪತ್ರದ ಜೆರಾಕ್ಸ್ ಇಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಎದ್ದು ಬರಬೇಡಿ.