ಬಾಡಿಗೆ ಮನೆಯಲ್ಲಿ ಚಳಿಗೆ ಏನು ಮಾಡ್ತೀರಿ? ಹೀಟರ್ ತಗೊಳ್ಳಬೇಕಾ?

ವಿನೋಬನಗರ, ಶಿವಮೊಗ್ಗ:
ಎರಡು ಬೆಡ್‌ರೂಮಿನ ಬಾಡಿಗೆ ಮನೆ ನಮ್ಮದು, ಮೇಲೆ ಬರೀ ಟೆರೇಸು. ಮಧ್ಯಾಹ್ನ ಫ್ಯಾನ್ ಹಾಕಬೇಕು, ಬೆಳಗಿನ ಜಾವ ಎಲ್ಲರೂ ಮುದುರಿಕೊಂಡು ಮಲಗಿರುತ್ತೇವೆ. ಅತ್ತೆಗೆ ಮಂಡಿ ನೋವು, ಮಗುವಿಗೆ ಒಂದೂವರೆ ವರ್ಷ. ಹೀಟರ್ ತಗೊಳ್ಳೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ. ಬಿಲ್ ಎಷ್ಟು ಬರಬಹುದು? ಬೇರೆ ದಾರಿ ಇದ್ದರೂ ಹೇಳಿ. ಓನರ್ ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಬಿಡುವುದಿಲ್ಲ.

ಗೋಪಾಳ, ಶಿವಮೊಗ್ಗ:
ಹೀಟರ್ ತಗೊಳ್ಳುವ ಮೊದಲು ನಿಮ್ಮ ಗೃಹಜ್ಯೋತಿ (ಸರ್ಕಾರದ ಉಚಿತ ಕರೆಂಟ್ ಯೋಜನೆ) ಲೆಕ್ಕ ನೋಡಿ. ಇದನ್ನು ಯಾರೂ ಹೇಳುವುದಿಲ್ಲ, ಅಂಗಡಿಯವರಂತೂ ಹೇಳುವುದೇ ಇಲ್ಲ. ರೂಮ್ ಹೀಟರ್ ಸಾಮಾನ್ಯವಾಗಿ 2000 ವಾಟ್, ಅಂದರೆ ಗಂಟೆಗೆ 2 ಯೂನಿಟ್. ರಾತ್ರಿ ಎರಡು ಗಂಟೆ, ಬೆಳಿಗ್ಗೆ ಒಂದು ಗಂಟೆ ಹಾಕಿದರೆ ದಿನಕ್ಕೆ 6, ತಿಂಗಳಿಗೆ 180 ಯೂನಿಟ್. ನಿಮ್ಮ ಮಾಮೂಲಿ ಬಳಕೆ 80 ಯೂನಿಟ್ ಅಂತಿಟ್ಟುಕೊಳ್ಳಿ, ಎರಡೂ ಸೇರಿ 260 ಆಯ್ತು. 200 ದಾಟಿದ ತಿಂಗಳು ಉಚಿತ ಅನ್ನುವುದೇ ಇಲ್ಲ, ಪೂರ್ತಿ 260ಕ್ಕೂ ದುಡ್ಡು ಕಟ್ಟಬೇಕು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಆ ಲೆಕ್ಕದಲ್ಲಿ ಹಿಡಿದರೂ ಬರೀ ಯೂನಿಟ್ಟಿಗೇ 1500 ರೂಪಾಯಿ ಆಗುತ್ತದೆ, ನಿಗದಿತ ಶುಲ್ಕ, ತೆರಿಗೆ ಬೇರೆ. 200ರ ಒಳಗಿದ್ದರೂ ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿಗಿಂತ ಜಾಸ್ತಿ ಉರಿಸಿದ್ದಕ್ಕೆ ಕಟ್ಟಲೇಬೇಕು. ಆ ಮಿತಿ ಎಷ್ಟು ಅಂತ ಬಿಲ್‌ನಲ್ಲೇ ಇರುತ್ತದೆ, ತೆಗೆದು ನೋಡಿ. ಈ ಮನೆಗೆ ಹೊಸದಾಗಿ ಬಂದಿದ್ದೀರಾದರೆ ಹಳೆ ಮನೆಯ ಆರ್‌.ಆರ್. ನಂಬರ್‌ನಿಂದ (ಬಿಲ್‌ನಲ್ಲಿರುವ ಕರೆಂಟ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಡೀ-ಲಿಂಕ್ ಮಾಡಿಸಿ ಇಲ್ಲಿಯದಕ್ಕೆ ಜೋಡಿಸಿದ್ದೀರಾ ಅನ್ನುವುದನ್ನೂ ನೋಡಿಕೊಳ್ಳಿ.

ಆಯಿಲ್ ಹೀಟರ್ ಕರೆಂಟ್ ಕಡಿಮೆ ತಿನ್ನುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಕಾಯಿಲ್ ಇರಲಿ, ಬ್ಲೋವರ್ ಇರಲಿ, ಆಯಿಲ್ ಇರಲಿ, ಒಂದು ಯೂನಿಟ್ಟಿಗೆ ಬರುವ ಶಾಖ ಅಷ್ಟೇ. ಆಯಿಲ್‌ನದ್ದು ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ, ಸದ್ದು ಇಲ್ಲ. ಹೆಚ್ಚು ಬೆಲೆ ಕೊಡುವುದು ಅದಕ್ಕೆ.

ಇನ್ನೊಂದು, ವೈರಿಂಗ್. 2000 ವಾಟ್ ಅಂದರೆ ಹತ್ತಿರ ಹತ್ತಿರ 9 ಆಂಪಿಯರ್. ಬೆಡ್‌ರೂಮಿನ ಸಣ್ಣ ಸಾಕೆಟ್ ಇರುವುದು 6 ಆಂಪಿಯರ್‌ಗೆ. ದಪ್ಪ ಪಿನ್ ಅದರೊಳಗೆ ಹೋಗುವುದಿಲ್ಲ ಅಂತ ಜನ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕುತ್ತಾರೆ. ನಮ್ಮ ಕೆಳಗಿನ ಮನೆಯಲ್ಲಿ ಹೀಗೇ ಮಾಡಿದ್ದರು. ಪಿನ್ ತೂರಿಸುವ ಜಾಗದ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಅಂಚು ಉಬ್ಬಿ, ಮೀನು ಸುಟ್ಟಂಥ ವಾಸನೆ ಬರುತ್ತಿತ್ತು. ಮಗು ಇರುವ ಮನೆ ನಿಮ್ಮದು. 16 ಆಂಪಿಯರ್ ಪಾಯಿಂಟ್ ಇಲ್ಲದ ರೂಮಲ್ಲಿ ಹೀಟರ್ ಬೇಡವೇ ಬೇಡ.

ಸಾಗರ ಹತ್ರದ ಹಳ್ಳಿ:
ನಮ್ಮಲ್ಲಿ ಈಗಲೂ ಬಚ್ಚಲ ಒಲೆ ಉಂಟು. ಸಂಜೆ ಹಂಡೆ ಕಾದ ಮೇಲೆ ಕೆಂಡವನ್ನು ಬಾಣಲೆಗೆ ಹಾಕಿ ಅಜ್ಜಿಯ ಕೋಣೆಯಲ್ಲಿ ಇಡುತ್ತಿದ್ದೆವು. ಒಂದು ಪೈಸೆ ಖರ್ಚಿಲ್ಲ. ಪೇಟೆಯಲ್ಲೂ ಇದ್ದಿಲು ಸಿಗುತ್ತದಲ್ಲ, ನೋಡಬಹುದು.

ರವೀಂದ್ರನಗರ, ಶಿವಮೊಗ್ಗ:
ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ಹಳ್ಳಿಯ ಹೆಂಚಿನ ಮನೆಗೂ ಪೇಟೆಯ ಆರ್‌ಸಿಸಿ ಮನೆಗೂ ತುಂಬಾ ವ್ಯತ್ಯಾಸ ಇದೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಆದರೂ ಅಲ್ಲೂ ಅಪಾಯವೇ. ಬಾಗಿಲು ಕಿಟಕಿ ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣುತ್ತಿಲ್ಲ, ಬರೀ ನಿಗಿನಿಗಿ ಕೆಂಡ ಅಲ್ವಾ ಅಂದುಕೊಂಡು ಮಲಗಿದವರು ಬೆಳಿಗ್ಗೆ ಏಳುವುದಿಲ್ಲ. ತಲೆನೋವು, ವಾಕರಿಕೆ ಬಂದು ಎಚ್ಚರವಾದರೆ ಅದು ಅದೃಷ್ಟ. ಗ್ಯಾಸ್ ಗೀಸರ್ ಇದ್ದರೂ ಅಷ್ಟೇ, ಅದು ಬಚ್ಚಲುಮನೆಯ ಹೊರಗಿರಬೇಕು, ಚಳಿ ಅಂತ ವೆಂಟಿಲೇಟರ್‌ಗೆ ರಟ್ಟು ಮುಚ್ಚಿ ಸ್ನಾನ ಮಾಡಬಾರದು. ಗ್ಯಾಸ್ ಒಲೆ ಹಚ್ಚಿಟ್ಟು ಮನೆ ಬೆಚ್ಚಗೆ ಮಾಡುವುದೂ ಬೇಡ.

ವಿನೋಬನಗರ:
ಸರಿ, ಕೆಂಡ ಇಲ್ಲ. ಹೀಟರೂ ಇಲ್ಲದೆ ಆಗುತ್ತಾ ಹಾಗಾದರೆ?

ಕುವೆಂಪು ನಗರ, ಶಿವಮೊಗ್ಗ:
ಆಗುತ್ತದೆ. ನಮ್ಮದೂ ಟೆರೇಸ್ ಕೆಳಗಿನ ಮನೆಯೇ. ನಮ್ಮೂರಿನ ಚಳಿ ದಿನವಿಡೀ ಇರುವ ಚಳಿ ಅಲ್ಲ. ಡಿಸೆಂಬರ್, ಜನವರಿಯಲ್ಲೂ ಮಧ್ಯಾಹ್ನ 30 ಡಿಗ್ರಿ ಹತ್ತಿರ ಹೋಗುತ್ತದೆ, ಬೆಳಗಿನ ಜಾವ 15ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಬಿಸಿ ಪುಕ್ಕಟೆಯಾಗಿ ಮನೆ ಬಾಗಿಲಿಗೆ ಬರುತ್ತಿದೆ, ಅದನ್ನು ಹಿಡಿದಿಟ್ಟುಕೊಂಡರೆ ಸಾಕು. ಬೆಳಿಗ್ಗೆ ಹತ್ತಕ್ಕೆ ಎಲ್ಲ ಕಿಟಕಿ ತೆಗೆಯಿರಿ, ಕರ್ಟನ್ ಪೂರ್ತಿ ಸರಿಸಿ. ಈ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗಿನವರೆಗೂ ಬರುತ್ತದೆ. ಆ ಕೋಣೆಯನ್ನೇ ಅತ್ತೆಯವರಿಗೂ ಮಗುವಿಗೂ ಕೊಡಿ. ಹಾಸಿಗೆ, ದಿಂಬು ಎಲ್ಲ ಅದೇ ಬಿಸಿಲಿಗೆ ಬೀಳಲಿ. ಸಂಜೆ ನಾಲ್ಕೂವರೆ, ಐದರೊಳಗೆ ಎಲ್ಲ ಮುಚ್ಚಿಬಿಡಿ. ಕತ್ತಲಾದ ಮೇಲೆ ಮುಚ್ಚಿದರೆ ಬಿಸಿ ಹೋಗಿ ಆಗಿರುತ್ತದೆ, ಸೊಳ್ಳೆ ಬಂದು ಆಗಿರುತ್ತದೆ.

ಮುಚ್ಚಿದ ಮೇಲೆ ಗಾಳಿ ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಊದುಬತ್ತಿ ಹಚ್ಚಿ ಕಿಟಕಿಯ ಅಂಚಿಗುಂಟ ಹಿಡಿದುಕೊಂಡು ಹೋಗಿ. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿರುವುದು ಒಂದು ಕಡೆ ತಟ್ಟನೆ ಒಳಕ್ಕೆ ಬಾಗುತ್ತದೆ, ಅಲ್ಲಿ ಸಂದಿ ಇದೆ ಅಂತ. ನಮ್ಮ ಮನೆಯಲ್ಲಿ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಎರಡು ಬಾಗಿಲು ಸೇರುವ ಜಾಗ, ಮತ್ತೆ ಬಾಲ್ಕನಿ ಬಾಗಿಲ ಅಡಿ. ಕಿಟಕಿಗೆ ಅಂಟಿಸುವ ಸ್ಪಂಜಿನ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಖಾಲಿ ಮಾಡುವಾಗ ಕಿತ್ತರೆ ಆಯ್ತು. ಬಾಗಿಲ ಅಡಿಗೆ ಹಳೆ ಪಂಚೆಯೊಳಗೆ ಬಟ್ಟೆ ತುರುಕಿ ಉದ್ದಕ್ಕೆ ಹೊಲಿದು ಇಟ್ಟಿದ್ದೇವೆ. ಮೊಳೆ ಹೊಡೆಯದೆ ದಪ್ಪ ಕರ್ಟನ್ ಹಾಕುವುದಕ್ಕೆ ಚೌಕಟ್ಟಿನ ಮಧ್ಯೆ ಬಿಗಿಯಾಗಿ ನಿಲ್ಲುವ ಸ್ಪ್ರಿಂಗ್ ರಾಡ್ ಬರುತ್ತದೆ. ಮೇಲಿನ ವೆಂಟಿಲೇಟರ್ ಪೂರ್ತಿ ಮುಚ್ಚಬೇಡಿ, ಉಸಿರಾಡುವುದಕ್ಕೆ ಗಾಳಿ ಬೇಕು.

ಸ್ಲ್ಯಾಬಿಗೆ ಮಾತ್ರ ಬಾಡಿಗೆಯವರು ಏನೂ ಮಾಡೋಕಾಗಲ್ಲ. ಮೋಡ ಇಲ್ಲದ ರಾತ್ರಿ ಅದರ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ಈಚೆಗೆ ಎಳೆದುಕೊಳ್ಳಿ, ಅಷ್ಟಕ್ಕೇ ವ್ಯತ್ಯಾಸ ಗೊತ್ತಾಗುತ್ತದೆ. ಮಳೆಗಾಲದ ಪಸೆ ಗೋಡೆಯಲ್ಲಿ ಇನ್ನೂ ಇದ್ದರೆ ಒಳಗೆ ಬಟ್ಟೆ ಒಣಹಾಕಲೇಬೇಡಿ. ತೇವ ಇರುವ ಮನೆ ಜಾಸ್ತಿ ಕೊರೆಯುತ್ತದೆ, ಗೋಡೆಗೆ ಬೂಷ್ಟೂ ಬರುತ್ತದೆ.

ತೀರ್ಥಹಳ್ಳಿ:
ಎಲ್ಲರೂ ಮೇಲೆ ಹೊದೆಯುವುದನ್ನೇ ಯೋಚನೆ ಮಾಡುತ್ತೀರಿ, ಕೆಳಗೆ ಹಾಸುವುದು ಮುಖ್ಯ. ಮೈಭಾರಕ್ಕೆ ಹಾಸಿಗೆ ಅಮುಕಿರುತ್ತದೆ, ಚಳಿ ಅಡಿಯಿಂದಲೇ ಏರುತ್ತದೆ. ಹಾಸಿಗೆ ಮೇಲೆ ಒಂದು ಕಂಬಳಿ, ಅದರ ಮೇಲೆ ಹತ್ತಿಯ ಬೆಡ್‌ಶೀಟ್, ಕಂಬಳಿ ಚುಚ್ಚುವುದಿಲ್ಲ. ಟೈಲ್ಸ್ ನೆಲಕ್ಕೆ ಜಮಖಾನ ಹಾಸಿ, ಅತ್ತೆಯವರು ಬೆಳಿಗ್ಗೆ ಮಂಚದಿಂದ ಕಾಲಿಡುವ ಜಾಗದಲ್ಲಂತೂ ಇರಲೇಬೇಕು. ಅವರ ಮಂಡಿಗೆ ರಬ್ಬರಿನ ಬಿಸಿನೀರಿನ ಚೀಲವನ್ನು ಟವೆಲ್ ಸುತ್ತಿ ಕೊಡಿ. ಕುದಿಯುವ ನೀರು ತುಂಬಬೇಡಿ.

ಗೋಪಾಳ:
ತೀರ್ಥಹಳ್ಳಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಇಷ್ಟೆಲ್ಲ ಮಾಡಿಯೂ ಅತ್ತೆಯವರಿಗೆ ತಡೆಯದಿದ್ದರೆ ರೂಮ್ ಹೀಟರ್ ಬದಲು ಎಲೆಕ್ಟ್ರಿಕ್ ಬ್ಲ್ಯಾಂಕೆಟ್ ನೋಡಿ. ಒಬ್ಬರದ್ದು 100 ವಾಟ್ ಅಂತ ಹಿಡಿದರೂ ಎಂಟು ಗಂಟೆಗೆ ಒಂದು ಯೂನಿಟ್ ಆಗುವುದಿಲ್ಲ. ಮಲಗುವ ಅರ್ಧ ಗಂಟೆ ಮೊದಲು ಹಾಕಿ, ಮಲಗುವಾಗ ಆಫ್ ಮಾಡಿದರೆ ಇನ್ನೂ ಕಡಿಮೆ. ಮಡಚಿಟ್ಟು ಆನ್ ಮಾಡಬಾರದು, ಒದ್ದೆಯಾಗಬಾರದು, ಮಗುವನ್ನು ಅದರ ಮೇಲೆ ಮಲಗಿಸಲೇಬಾರದು. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದು ಕಾಲಿಗೆ ಸ್ಪರ್ಶ ಕಡಿಮೆ ಇದ್ದರೆ ಬ್ಲ್ಯಾಂಕೆಟ್ಟೂ ಬೇಡ, ಬಿಸಿನೀರಿನ ಚೀಲವೂ ಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಅಂಥವರಿಗೆ ಉಣ್ಣೆಯ ಕಾಲುಚೀಲವೇ ಸರಿ.