ಸ್ತನ ಪುನರ್ನಿರ್ಮಾಣ: ಅಕ್ಕನ ಮೇಲೆ ಒತ್ತಡ ಹೇರದೆ ನೆರವಾಗುವುದು ಹೇಗೆ?

ದಾವಣಗೆರೆಯ ತಂಗಿ:

ನಲವತ್ತಾರು ವರ್ಷದ ನನ್ನ ಅಕ್ಕನಿಗೆ ಎಡ ಸ್ತನದಲ್ಲಿ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಗೆಡ್ಡೆಗಳು ಒಂದಕ್ಕಿಂತ ಹೆಚ್ಚು ಕಡೆ ಇರುವುದರಿಂದ ಸ್ತನವನ್ನು ಪೂರ್ತಿಯಾಗಿ ತೆಗೆಯಬೇಕು, ನಂತರ ರೇಡಿಯೇಷನ್ ಕೂಡ ಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ. ಬೇಕಿದ್ದರೆ ಸ್ತನವನ್ನು ಮತ್ತೆ ರೂಪಿಸಬಹುದು ಎಂಬ ಮಾತನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿ, ಅಕ್ಕನನ್ನು ಬಿಟ್ಟು ಭಾವನ ಮುಖ ನೋಡಿದರು. ಜೀವ ಉಳಿದರೆ ಸಾಕು, ಈ ವಯಸ್ಸಿನಲ್ಲಿ ಅದೆಲ್ಲ ಏಕೆ ಎಂಬುದು ಭಾವನ ನಿಲುವು. ಮಾಡಿಸಿಕೊಳ್ಳದಿದ್ದರೆ ಅಮ್ಮ ಮುಂದೆ ಕೊರಗುತ್ತಾಳೆ ಎಂಬುದು ಮಗಳ ಹಟ. ಇಬ್ಬರ ನಡುವೆ ಅಕ್ಕ "ನೀವೇ ನೋಡಿ" ಎಂದು ಸುಮ್ಮನಾಗಿದ್ದಾಳೆ. ಅವಳ ಪರವಾಗಿ ತೀರ್ಮಾನಿಸುವ ಮೂರನೆಯವಳಾಗಲು ನನಗೆ ಇಷ್ಟವಿಲ್ಲ. ತಾನೇ ನಿರ್ಧರಿಸಬೇಕಾದರೆ ಅವಳಿಗೆ ಏನೇನು ತಿಳಿದಿರಬೇಕು?

ಪ್ಲಾಸ್ಟಿಕ್ ಸರ್ಜರಿ ವೈದ್ಯೆ:

ಮೊದಲು ಗಡಿಬಿಡಿಯನ್ನು ಕಳೆಯೋಣ. ಕ್ಯಾನ್ಸರ್ ಚಿಕಿತ್ಸೆಯನ್ನು ಮುಂದೂಡಬಾರದು ನಿಜ, ಆದರೆ ಪುನರ್ನಿರ್ಮಾಣವನ್ನು ಅದರ ಜೊತೆಗೇ ಮಾಡಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ಕೀಮೋ, ರೇಡಿಯೇಷನ್ ಎಲ್ಲ ಮುಗಿದು ವರ್ಷಗಳಾದ ಮೇಲೂ ಮಾಡಿಸಿಕೊಳ್ಳಬಹುದು. ಒಂದೇ ಸಲಕ್ಕೆ ಮಾಡಿದರೆ ಸ್ತನದ ಸ್ವಂತ ಚರ್ಮವನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದಾದ್ದರಿಂದ ಆಕಾರ ಸಾಮಾನ್ಯವಾಗಿ ಚೆನ್ನಾಗಿ ಬರುತ್ತದೆ. ಆದರೆ ಗಾಯ ಮಾಯುವುದು ತಡವಾದರೆ ಮುಂದಿನ ಚಿಕಿತ್ಸೆಯೂ ತಡವಾಗುವ ಭಯವಿರುತ್ತದೆ.

ನಿಮ್ಮ ಅಕ್ಕನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ರೇಡಿಯೇಷನ್. ಪುನರ್ನಿರ್ಮಾಣದ ಮೊದಲ ದಾರಿ ಸಿಲಿಕೋನ್ ಇಂಪ್ಲಾಂಟ್, ಅಂದರೆ ಎದೆಯೊಳಗೆ ಇಡುವ ಕೃತಕ ಸ್ತನ. ಅದನ್ನು ಇಟ್ಟ ಮೇಲೆ ರೇಡಿಯೇಷನ್ ಕೊಟ್ಟರೆ, ಅದರ ಸುತ್ತ ಬೆಳೆಯುವ ಪೊರೆ ಬಿಗಿದು ಸ್ತನ ಕಲ್ಲಿನಂತೆ ಗಟ್ಟಿಯಾಗುವ, ನೋವು ಕೊಡುವ, ಕೊನೆಗೆ ಇಂಪ್ಲಾಂಟನ್ನೇ ತೆಗೆಯಬೇಕಾಗುವ ಸಾಧ್ಯತೆ ಗಣನೀಯವಾಗಿ ಹೆಚ್ಚುತ್ತದೆ. ಇಂಪ್ಲಾಂಟ್ ಜೀವನಪೂರ್ತಿ ಬರುವ ವಸ್ತುವೂ ಅಲ್ಲ, ಮುಂದೆ ಬದಲಾಯಿಸಬೇಕಾಗಬಹುದು. ಅಪರೂಪದ ಒಂದು ಬಗೆಯ ಲಿಂಫೋಮಾಕ್ಕೆ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ನಂಟಿರುವ ಕಾರಣ, ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳನ್ನು 2019ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಆದ್ದರಿಂದ ಯಾವ ಬಗೆಯದನ್ನು ಇಡುತ್ತೀರಿ ಎಂದು ಕೇಳುವುದು ರೋಗಿಯ ಹಕ್ಕು.

ಎರಡನೆಯ ದಾರಿ ಸ್ವಂತ ದೇಹದ ಅಂಗಾಂಶ. ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬನ್ನು, ಸ್ನಾಯುವನ್ನು ಕತ್ತರಿಸಿ ತೆಗೆಯದೆ, ರಕ್ತನಾಳಗಳ ಸಮೇತ ಬಿಡಿಸಿ ಎದೆಯ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಹೊಲಿಯುವ ವಿಧಾನಕ್ಕೆ ಡೀಪ್ ಫ್ಲ್ಯಾಪ್ ಎನ್ನುತ್ತಾರೆ. ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ತರುವುದು ಎಲ್‌ಡಿ ಫ್ಲ್ಯಾಪ್. ಇವು ರೇಡಿಯೇಷನ್ ಪಡೆದ ಎದೆಗೂ ಒಗ್ಗುತ್ತವೆ, ಆದರೆ ಶಸ್ತ್ರಚಿಕಿತ್ಸೆ ದೀರ್ಘ, ಗಾಯ ಎರಡು ಕಡೆ. ಹೊಲಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಫ್ಲ್ಯಾಪ್ (ಹೀಗೆ ತಂದು ಜೋಡಿಸಿದ ಅಂಗಾಂಶ) ಕೈಕೊಡುವ ಸಾಧ್ಯತೆ ಕಡಿಮೆಯಾದರೂ ಇದ್ದೇ ಇದೆ. ಮಧುಮೇಹ, ಬೊಜ್ಜು, ತಂಬಾಕು ಇದ್ದರೆ ಎರಡೂ ದಾರಿಗಳಲ್ಲಿ ತೊಂದರೆ ಹೆಚ್ಚು.

ಪುನರ್ನಿರ್ಮಾಣದಿಂದ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆ ಹೆಚ್ಚುವುದಿಲ್ಲ. ಹಾಗೆಯೇ, ಮಾಡಿಸಿಕೊಳ್ಳದವರ ಆಯುಸ್ಸೂ ಕಡಿಮೆಯಾಗುವುದಿಲ್ಲ. ನಾವು ವೈದ್ಯರು ಸಾಮಾನ್ಯವಾಗಿ ಮೆಲ್ಲನೆ ದಾಟಿಸಿಬಿಡುವ ಇನ್ನೊಂದು ಸಂಗತಿಯಿದೆ: ಹೊಸ ಸ್ತನಕ್ಕೆ ಹಳೆಯ ಸ್ಪರ್ಶಸಂವೇದನೆ ಇರುವುದಿಲ್ಲ. ಬಿಸಿನೀರಿನ ಚೀಲ ತಗುಲಿ ಸುಟ್ಟರೂ ತಿಳಿಯದಿರಬಹುದು.

ಹಾಗೆಯೇ ಉಳಿದವಳು:

ನಾನು ಪುನರ್ನಿರ್ಮಾಣ ಬೇಡವೆಂದೆ, ಇಂದಿಗೂ ಅದೇ ಮನಸ್ಸು. ಆದರೆ ನನ್ನದು ಎಲ್ಲವನ್ನೂ ಕೇಳಿ ತಿಳಿದ ಮೇಲೆ ಹೇಳಿದ "ಬೇಡ". ನಿಮ್ಮ ಅಕ್ಕನ ಬಾಯಿಂದ ಬರಬೇಕಾದದ್ದೂ ಅಂಥ "ಬೇಡ" ಅಥವಾ ಅಂಥ "ಬೇಕು". ಭಾವನವರು ಅವಳಿಗಾಗಿ ಹೇಳಿದ್ದು ಎರಡರಲ್ಲಿ ಯಾವುದೂ ಅಲ್ಲ.

ಬೇಡವೆಂದವರೂ ಮೊದಲೇ ಕೇಳಿಕೊಳ್ಳಬೇಕಾದ ವಿಷಯವೊಂದಿದೆ. ಹೆಚ್ಚುವರಿ ಚರ್ಮವನ್ನು ತೆಗೆದು ಎದೆಯನ್ನು ಸಮತಟ್ಟಾಗಿ, ಕಂಕುಳ ಬಳಿ ಮಡಿಕೆ ಉಳಿಯದಂತೆ ಹೊಲಿಯುವುದೂ ಒಂದು ಕೌಶಲವೇ. ಇದನ್ನು ಏಸ್ತೆಟಿಕ್ ಫ್ಲ್ಯಾಟ್ ಕ್ಲೋಷರ್ ಎನ್ನುತ್ತಾರೆ. ಮನಸ್ಸು ಬದಲಾದರೆ ಇರಲಿ ಎಂದು ಚರ್ಮವನ್ನು ಸಡಿಲವಾಗಿ ಬಿಡುವ ವೈದ್ಯರೂ ಇರುವುದರಿಂದ, ತನಗೆ ಯಾವುದು ಬೇಕೆಂಬುದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸ್ಪಷ್ಟವಾಗಿ ಹೇಳಿ ಬರೆಸಿಡುವುದು ಒಳ್ಳೆಯದು.

ರವಿಕೆಯ ಒಳಗೆ ಇಡುವ ಸಿಲಿಕೋನ್ ಕೃತಕ ಸ್ತನಕ್ಕೆ ತೂಕವಿರುತ್ತದೆ, ಹಾಗಾಗಿ ಅದು ಜಾಗದಲ್ಲಿ ಕೂರುತ್ತದೆ. ಆದರೆ ರಾಯಚೂರಿನ ಬೇಸಿಗೆಯಲ್ಲಿ ಅದರಡಿ ಬೆವರು ನಿಂತು ಚರ್ಮ ಕೆಂಪಾಗುವುದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಮನೆಯಲ್ಲಿ ನಾನು ಹತ್ತಿ ದಾರದಲ್ಲಿ ಹೆಣೆದದ್ದನ್ನು ಬಳಸುತ್ತೇನೆ. ನಮ್ಮ ಓಣಿಯ ದರ್ಜಿ ಹೆಂಗಸು ರವಿಕೆಯ ಒಳಬದಿಗೆ ಮಲ್ ಬಟ್ಟೆಯ ಜೇಬು ಹೊಲಿದು, ಹುಕ್ಕುಗಳನ್ನು ಮುಂದಕ್ಕೆ ತಂದು, ಕಂಕುಳನ್ನು ಸ್ವಲ್ಪ ಸಡಿಲ ಮಾಡಿಕೊಟ್ಟಿದ್ದಾಳೆ.

ವಿಮೆ ಪ್ರತಿನಿಧಿ:

ವೈದ್ಯಕೀಯ ವಿಷಯ ನನ್ನದಲ್ಲ, ಹಣದ ಬಗ್ಗೆ ಮಾತ್ರ ಬರೆಯುತ್ತೇನೆ. ಇದು ಸೌಂದರ್ಯ ಚಿಕಿತ್ಸೆ, ವಿಮೆ ಸಿಗುವುದಿಲ್ಲ ಎಂದು ಯಾರೋ ಹೇಳಿದ ಮಾತಿಗೇ ಎಷ್ಟೋ ಮನೆಗಳಲ್ಲಿ ಚರ್ಚೆ ಮುಗಿದುಹೋಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ (ವಿಮೆ ಹಣ ಕೊಡದ ಚಿಕಿತ್ಸೆಗಳ) ಪಟ್ಟಿಯಲ್ಲಿ, ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಡುವ ಅದೇ ಕಲಮು ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್ನಿರ್ಮಾಣಕ್ಕೆ ವಿನಾಯಿತಿ ಕೊಡುತ್ತದೆ. ಪಾಲಿಸಿಯಲ್ಲಿ ಅದು ಎಕ್ಸ್‌ಕ್ಲೂಷನ್ 08 ಎಂಬ ಸಂಕೇತದಲ್ಲಿರುತ್ತದೆ, ತೆರೆದು ನೋಡಿ. ಕಾಯುವ ಅವಧಿ, ವಿಮಾ ಮೊತ್ತದ ಮಿತಿ ಇತ್ಯಾದಿ ಬೇರೆ ಷರತ್ತುಗಳು ಅನ್ವಯಿಸುತ್ತವೆ, ಆದ್ದರಿಂದ ಮುಂಗಡ ಅನುಮತಿಯನ್ನು ಬರಹದಲ್ಲೇ ಕೇಳಿ. ನಿರಾಕರಿಸಿದರೆ ಕಾರಣವನ್ನೂ ಬರಹದಲ್ಲೇ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗ, ಅಲ್ಲಿ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ.

ದಾವಣಗೆರೆಯ ತಂಗಿ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಅಕ್ಕನ ಪಕ್ಕ ಕುಳಿತು, ಬೇರೆ ಯಾರೂ ಇಲ್ಲದಾಗ, ಇದೆಲ್ಲವನ್ನೂ ಓದಿ ಹೇಳಿದೆ. ಸ್ತನ ಹೇಗೆ ಕಾಣುತ್ತದೆ ಎಂಬುದನ್ನು ಅವಳು ಕೇಳಲೇ ಇಲ್ಲ. ಅವಳು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಯಾವುದನ್ನು ಮಾಡಿಸಿಕೊಂಡರೆ ರೊಟ್ಟಿ ತಟ್ಟಲು ಬೇಗ ಕೂರಬಹುದು ಎಂಬುದು ಅವಳ ಮೊದಲ ಪ್ರಶ್ನೆ. ಮಗಳಿಗೂ ಭಾವನಿಗೂ ಇದು ಹೊಳೆದಿರಲಿಲ್ಲ.

ಪ್ಲಾಸ್ಟಿಕ್ ಸರ್ಜರಿ ವೈದ್ಯೆ:

ಬಹಳ ಒಳ್ಳೆಯ ಪ್ರಶ್ನೆ, ಇದನ್ನೇ ಅವರ ವೈದ್ಯರ ಮುಂದೆ ಇಡಿ. ಪುನರ್ನಿರ್ಮಾಣ ಇಲ್ಲದಿದ್ದರೆ ಚೇತರಿಕೆ ಎಲ್ಲಕ್ಕಿಂತ ಬೇಗ. ಹೊಟ್ಟೆಯಿಂದ ತೆಗೆದರೆ ಕೆಲವು ವಾರ ಭಾರ ಎತ್ತುವಂತಿಲ್ಲ, ಮೊದಲ ದಿನಗಳಲ್ಲಿ ನೆಟ್ಟಗೆ ನಿಲ್ಲುವುದೂ ಕಷ್ಟ. ಬೆನ್ನಿನ ಸ್ನಾಯುವನ್ನು ಬಳಸಿದರೆ ಭುಜದ ಬಲ ಸ್ವಲ್ಪ ತಗ್ಗಬಹುದು, ದಿನವಿಡೀ ತೋಳು ಆಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಯಾವ ದಾರಿ ಹಿಡಿದರೂ ಕಂಕುಳ ಗ್ರಂಥಿಗಳನ್ನು ತೆಗೆದಿದ್ದರೆ ಭುಜದ ವ್ಯಾಯಾಮವನ್ನು ತಪ್ಪಿಸಬಾರದು, ಆ ಕೈಗೆ ಹಂಚಿನ ಬಿಸಿ ತಗುಲದಂತೆ ನೋಡಿಕೊಳ್ಳಬೇಕು, ಬಾವು ಕಂಡರೆ ತಡಮಾಡದೆ ತೋರಿಸಬೇಕು. ಅವರು ರೊಟ್ಟಿ ತಟ್ಟುವುದು ಯಾವ ಕೈಯಲ್ಲಿ ಎಂಬುದನ್ನೂ ವೈದ್ಯರಿಗೆ ತಿಳಿಸಿ.