ಪೀಡನವೋ, ಒತ್ತುವೋ? ಪೀಜೋಕೆಟಲಿಸ್ಟ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡಿನ ಪೆರ್ಲದ ಕಡೆಯ ಕನ್ನಡ ಮಾಧ್ಯಮ ಮಕ್ಕಳಿಗಾಗಿ ನೀರಿನ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ‘ಪೀಜೋಕೆಟಲಿಸ್ಟ್’ ಅನ್ನುವ ಪದದ ಹತ್ತಿರ ಬಂದು ನಿಂತಿದ್ದೇನೆ. ಒತ್ತಿದಾಗ ಮೂಡುವ ವಿದ್ಯುತ್ತಿನಿಂದ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು ಅಂತ ಅದರ ಅರ್ಥ.

ಸಂಗತಿ ಇಷ್ಟು. ಕೆಲವು ಹರಳುಗಳನ್ನು ಒತ್ತಿದರೆ ಮೈಮೇಲೆ ವಿದ್ಯುತ್ ಚಾರ್ಜ್ ಮೂಡುತ್ತದೆ. 1880ರಲ್ಲಿ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕಂಡುಹಿಡಿದದ್ದು. ಒತ್ತಿದರೆ ಕಿಡಿ ಹಾರುವ ಗ್ಯಾಸ್ ಲೈಟರಿನಲ್ಲಿರುವುದೂ ಇದೇ. ಬೇರಿಯಂ ಟೈಟನೇಟ್, ಝಿಂಕ್ ಆಕ್ಸೈಡ್‌ನಂಥ ಹರಳಿನ ನ್ಯಾನೋ ಪುಡಿಯನ್ನು ಬಟ್ಟೆಬಣ್ಣ ಕರಗಿದ ನೀರಿಗೆ ಹಾಕಿ ಅಲ್ಟ್ರಾಸೌಂಡ್‌ನಿಂದ ನಡುಗಿಸುತ್ತಾರೆ. ಆಗ ಮೂಡುವ ಚಾರ್ಜಿನಿಂದ ನೀರಿನಲ್ಲೇ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಬಲು ಚುರುಕಾದ ಕಣ ಹುಟ್ಟಿ ಬಣ್ಣದ ಅಣುವನ್ನು ತುಂಡು ಮಾಡುತ್ತದೆ. ಬಿಸಿಲೇ ಬೇಕೆಂದಿಲ್ಲ, ಜೋರಾಗಿ ಕದಡಿದರೂ ಒಂದಷ್ಟು ಕೆಲಸ ಆಗುತ್ತದೆ. (ನಮ್ಮಲ್ಲಿ ನೀರು ಕದಡಿತು ಅಂದರೆ ಕೆಟ್ಟಿತು ಅಂತ ಲೆಕ್ಕ!)

ಒತ್ತಿದಾಗ ಬರುವ ಈ ವಿದ್ಯುತ್ತಿಗೆ ‘ಪೀಡನ ವಿದ್ಯುತ್’ ಅನ್ನಬಹುದಿತ್ತು. ಸಂಸ್ಕೃತದಲ್ಲಿ ಪೀಡನ ಅಂದರೆ ಒತ್ತುವುದು, ಹಿಂಡುವುದು. ‘ಪೀಜೋ’ದ ಗ್ರೀಕ್ ಮೂಲಕ್ಕೂ ಒತ್ತುವುದು ಅಂತಲೇ ಅರ್ಥ, ಸರಿಯಾಗಿ ಕೂರುತ್ತದೆ. ಆದರೆ ಕಾಸರಗೋಡಿನಲ್ಲಿ ಸಾಧ್ಯವೇ ಇಲ್ಲ. ಮಲಯಾಳಂ ಪೇಪರು, ಟಿವಿಗಳಲ್ಲಿ ‘ಪೀಡನಂ’ ಅಂದರೆ ಹೆಚ್ಚಾಗಿ ಲೈಂಗಿಕ ದೌರ್ಜನ್ಯ. ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಅದನ್ನು ಹೇಗೆ ಓದುವುದು? ‘ಒತ್ತಡ ವಿದ್ಯುತ್’ ಅಂದರೆ ಹೈ ವೋಲ್ಟೇಜ್ ಅಂದುಕೊಳ್ಳುತ್ತಾರೆ.

ನನಗೆ ಹಿಡಿಸಿದ್ದು ‘ಒತ್ತುವಿದ್ಯುತ್’. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಅರಿಸಮಾಸ ಅಂತ ಕೆಲವರು ಹುಬ್ಬೇರಿಸಬಹುದು, ಏರಿಸಲಿ. ಒತ್ತಿದರೆ ಬರುವ ವಿದ್ಯುತ್ ಅಂತ ಓದಿದ ಕೂಡಲೇ ಗೊತ್ತಾಗುತ್ತದಲ್ವಾ?

ಕೆಟಲಿಸ್ಟ್‌ಗೆ ಕನ್ನಡದಲ್ಲಿ ಕ್ರಿಯಾವರ್ಧಕ, ವೇಗವರ್ಧಕ ಎರಡೂ ಓಡಾಡುತ್ತಿವೆ. ಪಕ್ಕದ ಮಲಯಾಳಂ ಕ್ಲಾಸಿನಲ್ಲಿ ‘ಉಲ್ಪ್ರೇರಕಂ’. ಭೌತವಿಜ್ಞಾನದ ವೇಗೋತ್ಕರ್ಷದ ಜೊತೆ ಗೊಂದಲ ಬೇಡ ಅಂತ ನಾನು ಕ್ರಿಯಾವರ್ಧಕದ ಕಡೆ. ಹಾಗಾದರೆ ‘ಒತ್ತುವಿದ್ಯುತ್ ಕ್ರಿಯಾವರ್ಧಕ’. ಉದ್ದವಾಯಿತು, ನಿಜ.

ಇನ್ನೊಂದು ಪದ ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ‘ನೀರಿನ ಶುದ್ಧೀಕರಣ’ ಅಂತ ಬರೆಯಲು ಕೈ ಬರುತ್ತಿಲ್ಲ. ಬಣ್ಣ ಮಾಯವಾದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಅಣು ಅರ್ಧ ಒಡೆದು ತುಂಡುಗಳು ನೀರಲ್ಲೇ ಉಳಿದಿರಬಹುದು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿದ ಊರು ಇದು. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಕುಡಿದು ಬೆಳೆದ ಮಕ್ಕಳು ‘ಶುದ್ಧ’ ಎಂಬ ಮಾತನ್ನು ಹಾಗೆಯೇ ನಂಬುತ್ತಾರೆ. ಅದಕ್ಕೇ ಸದ್ಯ ‘ವಿಷ ಒಡೆಯುವ ವಿಧಾನ’ ಅಂತ ಬರೆದಿದ್ದೇನೆ. ಇದಕ್ಕಿಂತ ಚೊಕ್ಕವಾದದ್ದು ಹೊಳೆದರೆ ತಿಳಿಸಿ. ಮೈಸೂರು, ಧಾರವಾಡದ ಕಡೆಯ ಮೇಷ್ಟ್ರುಗಳು ‘ಒತ್ತುವಿದ್ಯುತ್’ ಒಪ್ಪುತ್ತಾರಾ ಅನ್ನುವುದನ್ನೂ.